ನಗುವೂ ಒಂದು ಪ್ರಶ್ನೆ: ಬೇಗಂ ರೊಕೆಯಾ ಕಂಡ ಕನಸಿನಿಂದ ನಾವು ಕಲಿಯಬೇಕಾದದ್ದು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ವಿಡಂಬನೆ ಮತ್ತು ಕಲ್ಪನೆಯ ಕಥೆಗಳು ಅಧಿಕಾರವನ್ನು ಹೇಗೆ ಪ್ರಶ್ನಿಸುತ್ತವೆ, ನಾವು ಸತ್ಯವೆಂದು ನಂಬಿಕೊಂಡದ್ದನ್ನು ಹೇಗೆ ಪರೀಕ್ಷೆಗೆ ಒಡ್ಡುತ್ತವೆ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನನಗೆ ಹೇಳಲಾಗಿದೆ. ವಿಷಯ ದೊಡ್ಡದು. ನಾನು ಪ್ರೌಢಶಾಲೆಯಲ್ಲಿ ಉರ್ದು ಮತ್ತು ಕನ್ನಡ ಪಾಠ ಮಾಡುವ ಒಬ್ಬ ಸಾಮಾನ್ಯ ಶಿಕ್ಷಕಿ. ಆದ್ದರಿಂದ ಪಂಡಿತರ ವ್ಯಾಖ್ಯೆಗಳನ್ನು ಬಿಟ್ಟು, ನಾನೇ ಮಾಡಿದ ಒಂದು ತಪ್ಪಿನಿಂದ ಮಾತು ಆರಂಭಿಸುತ್ತೇನೆ.

ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಒಂಬತ್ತನೇ ತರಗತಿಯ ಮಕ್ಕಳಿಗೆ 'ನನ್ನ ಕನಸಿನ ಊರು' ಎಂಬ ಪ್ರಬಂಧ ಬರೆಯಲು ಹೇಳಿದ್ದೆ. ಎಲ್ಲರೂ ನಿರೀಕ್ಷಿಸಿದ ಹಾಗೆಯೇ ಬರೆದರು. ಸ್ವಚ್ಛ ಬೀದಿ, ಸಾಲು ಮರ, ಗ್ರಂಥಾಲಯ, ಆಟದ ಮೈದಾನ. ಒಬ್ಬ ಹುಡುಗಿ ಮಾತ್ರ ಬೇರೆಯೇ ಬರೆದಿದ್ದಳು. ಅವಳ ಕನಸಿನ ಊರಿನಲ್ಲಿ ಹುಡುಗರು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ ಓದುತ್ತಾರೆ. ಕಾಲೇಜು ಆರು ಕಿಲೋಮೀಟರ್ ದೂರ. ಬಸ್‌ಸ್ಟ್ಯಾಂಡಿನಲ್ಲಿ ಪೋಲಿ ಹುಡುಗಿಯರು ನಿಂತು ಚುಡಾಯಿಸುತ್ತಾರೆ. ಆದ್ದರಿಂದ ಹುಡುಗರ ಮಾನ ಕಾಪಾಡಲು ಹಿರಿಯ ಹೆಂಗಸರೆಲ್ಲ ಸೇರಿ ಅವರನ್ನು ಮನೆಯಲ್ಲೇ ಇರಿಸುವ ತೀರ್ಮಾನ ಮಾಡುತ್ತಾರೆ. ಹುಡುಗರು ರೊಟ್ಟಿ ತಟ್ಟುತ್ತಾರೆ, ಕೊಡ ತುಂಬಿಸುತ್ತಾರೆ. ವರ್ಷಕ್ಕೊಮ್ಮೆ ಹುಡುಗರ ವಿದ್ಯಾಭ್ಯಾಸದ ಮಹತ್ವದ ಬಗ್ಗೆ ದೊಡ್ಡ ಸಭೆ ನಡೆಯುತ್ತದೆ. ಒಬ್ಬ ಮೇಡಂ ಬಂದು ಒಂದು ಗಂಟೆ ಭಾಷಣ ಮಾಡಿ, ಚಹಾ ಕುಡಿದು ಮನೆಗೆ ಹೋಗುತ್ತಾರೆ. ಹುಡುಗರು ಹಿಂದಿನ ಕೋಣೆಯಲ್ಲಿ ಕುಳಿತು ಮೈಕಿನಲ್ಲಿ ಆ ಭಾಷಣ ಕೇಳುತ್ತಾರೆ.

ಅದಕ್ಕೆ ಹಿಂದಿನ ವಾರವಷ್ಟೇ ನಾನು ಒಂದು ಸಭೆಯಲ್ಲಿ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಭಾಷಣ ಮಾಡಿ ಬಂದಿದ್ದೆ. ಚಹಾ ಕುಡಿದೂ ಬಂದಿದ್ದೆ. ಆ ಮೇಡಂ ಯಾರೆಂದು ನನಗೆ ಗೊತ್ತಾಗದೆ ಇರಲಿಲ್ಲ. ನನಗೆ ಸಿಟ್ಟು ಬಂತು. ಕೆಂಪು ಶಾಯಿಯಲ್ಲಿ 'ವಿಷಯಾಂತರ' ಎಂದು ಬರೆದು, ಹತ್ತಕ್ಕೆ ಮೂರು ಅಂಕ ಕೊಟ್ಟೆ. ಅವಳು ಏನೂ ಕೇಳದೆ ಪುಸ್ತಕ ತೆಗೆದುಕೊಂಡು ಹೋದಳು.

ಕೆಲವು ವರ್ಷಗಳ ನಂತರ ಬೇಗಂ ರೊಕೆಯಾ ಸಖಾವತ್ ಹುಸೇನ್ ಅವರ 'ಸುಲ್ತಾನಾಸ್ ಡ್ರೀಮ್', ಅಂದರೆ 'ಸುಲ್ತಾನಳ ಕನಸು' ಎಂಬ ಕಥೆಯನ್ನು ನಾನು ಓದಿದೆ. ಓದುತ್ತಿದ್ದಂತೆ ನನ್ನ ಮುಖ ನನಗೇ ಕಂಡಿತು. ನೂರು ವರ್ಷಕ್ಕೂ ಹಿಂದೆ ಒಬ್ಬ ಮಹಾನ್ ಲೇಖಕಿ ಹಿಡಿದ ದಾರಿಯನ್ನೇ ಹದಿನಾಲ್ಕು ವರ್ಷದ ಆ ಹುಡುಗಿ ತಾನಾಗಿ ಕಂಡುಕೊಂಡಿದ್ದಳು. ನಾನು ಅದಕ್ಕೆ ಮೂರು ಅಂಕ ಕೊಟ್ಟಿದ್ದೆ.

ರೊಕೆಯಾ ಯಾರು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕು. 1880ರಲ್ಲಿ ಈಗಿನ ಬಾಂಗ್ಲಾದೇಶದ ರಂಗ್‌ಪುರ ಜಿಲ್ಲೆಯ ಪೈರಾಬಂದ್ ಎಂಬ ಗ್ರಾಮದಲ್ಲಿ, ಜಮೀನ್ದಾರಿ ಮನೆತನದಲ್ಲಿ ಅವರು ಹುಟ್ಟಿದರು. ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಬಂಗಾಳಿ, ಇಂಗ್ಲಿಷ್ ಕಲಿಸುವ ಪದ್ಧತಿ ಇರಲಿಲ್ಲ. ಅಣ್ಣ ಇಬ್ರಾಹಿಂ ಸಾಬೇರ್ ರಾತ್ರಿ ಎಲ್ಲರೂ ಮಲಗಿದ ಮೇಲೆ ತಂಗಿಗೆ ಪಾಠ ಹೇಳಿಕೊಟ್ಟರು. ಮುಂದೆ ಬಿಹಾರದ ಭಾಗಲ್ಪುರದಲ್ಲಿ ಅಧಿಕಾರಿಯಾಗಿದ್ದ ಸಯ್ಯದ್ ಸಖಾವತ್ ಹುಸೇನ್ ಅವರೊಡನೆ ಮದುವೆಯಾಯಿತು. ಪತಿ ಅವರ ಓದು ಬರಹಕ್ಕೆ ಬೆಂಬಲವಾಗಿ ನಿಂತರು. ಪತಿ ಪ್ರವಾಸಕ್ಕೆ ಹೋಗಿದ್ದಾಗ ಹೊತ್ತು ಕಳೆಯಲೆಂದು ರೊಕೆಯಾ ಇಂಗ್ಲಿಷಿನಲ್ಲಿ ಬರೆದ ಕಥೆಯೇ ಇದು. ಮರಳಿ ಬಂದ ಪತಿ ಅದನ್ನು ನಿಂತಲ್ಲೇ ಓದಿ ಮುಗಿಸಿ, ಇದು ಭಾರೀ ಸೇಡು ಎಂದು ಮೆಚ್ಚಿಕೊಂಡರಂತೆ. 1905ರಲ್ಲಿ ಅದು ಪ್ರಕಟವಾದದ್ದು ನಮ್ಮ ನೆರೆಯ ಮದರಾಸಿನಲ್ಲಿ, ಕಮಲಾ ಸತ್ತಿಯಾನಾಥನ್ ಸಂಪಾದಿಸುತ್ತಿದ್ದ 'ಇಂಡಿಯನ್ ಲೇಡೀಸ್ ಮ್ಯಾಗಜೀನ್' ಪತ್ರಿಕೆಯಲ್ಲಿ.

ಕಥೆ ಸರಳವಾಗಿದೆ. ಸುಲ್ತಾನ ಆರಾಮ ಕುರ್ಚಿಯಲ್ಲಿ ತೂಕಡಿಸುತ್ತಾ ಕನಸಿಗೆ ಜಾರುತ್ತಾಳೆ. ಸಾರಾ ಎಂಬ ಗೆಳತಿ ಬಂದು ಅವಳನ್ನು ಹೊರಗೆ ಕರೆದೊಯ್ಯುತ್ತಾಳೆ. ಹಗಲು ಹೊತ್ತು. ಬೀದಿ ತುಂಬ ಹೆಂಗಸರು. ನಾಚಿಕೊಂಡು ಹೆಜ್ಜೆ ಇಡುವ ಸುಲ್ತಾನಳನ್ನು ನೋಡಿ ದಾರಿಹೋಕ ಹೆಂಗಸರು ನಗುತ್ತಾರೆ. ಯಾಕೆ ಎಂದರೆ, ಇವಳು ಗಂಡಸರ ಹಾಗೆ ಅಂಜುಬುರುಕಿಯಾಗಿ ಕಾಣುತ್ತಾಳಂತೆ! ಆ ನಾಡಿನಲ್ಲಿ ಗಂಡಸರು 'ಮರ್ದಾನಾ'ದೊಳಗೆ, ಅಂದರೆ ನಾಲ್ಕು ಗೋಡೆಗಳ ಒಳಗೆ ಇದ್ದಾರೆ. ಆಡಳಿತವೆಲ್ಲ ಹೆಂಗಸರ ಕೈಯಲ್ಲಿದೆ. ಅಪರಾಧವಿಲ್ಲ, ಆದ್ದರಿಂದ ಪೊಲೀಸರೂ ಇಲ್ಲ. ಅಡುಗೆಮನೆಯಲ್ಲಿ ಹೊಗೆಯಿಲ್ಲ, ಸೂರ್ಯನ ಶಾಖದಿಂದ ಅಡುಗೆ. ಮೋಡದಿಂದಲೇ ನೀರು ಸಂಗ್ರಹಿಸುವ ಯಂತ್ರವಿದೆ. ವಿದ್ಯುತ್ತಿನಿಂದ ಹಾರುವ ವಾಹನವಿದೆ. ರೈಟ್ ಸಹೋದರರು ವಿಮಾನ ಹಾರಿಸಿದ್ದು 1903ರ ಡಿಸೆಂಬರಿನಲ್ಲಿ ಎಂಬುದನ್ನು ನೆನೆದರೆ, ಜನಾನಾದೊಳಗೆ ಕುಳಿತ ಒಬ್ಬ ಹೆಣ್ಣುಮಗಳ ಕಲ್ಪನೆ ಎಷ್ಟು ದೂರ ಹೋಗಿತ್ತು ಎಂದು ಆಶ್ಚರ್ಯವಾಗುತ್ತದೆ.

ಈ ಬದಲಾವಣೆ ಹೇಗಾಯಿತು? ಗಂಡಸರು ಸೈನ್ಯ ಬೆಳೆಸುವುದರಲ್ಲಿ ಮುಳುಗಿದ್ದಾಗ ಆ ನಾಡಿನ ರಾಣಿ ಹೆಣ್ಣುಮಕ್ಕಳಿಗೆಲ್ಲ ಶಿಕ್ಷಣ ಕಡ್ಡಾಯ ಮಾಡಿದಳು. 21 ವರ್ಷಕ್ಕೆ ಮುಂಚೆ ಮದುವೆ ಇಲ್ಲ ಎಂದಳು. ಹೆಣ್ಣುಮಕ್ಕಳ ವಿಶ್ವವಿದ್ಯಾಲಯಗಳು ವಿಜ್ಞಾನದಲ್ಲಿ ಮುಂದುವರಿದವು. ಗಂಡಸರು ಅದನ್ನು ಕಂಡು ನಕ್ಕರು. ಕೊನೆಗೆ ಯುದ್ಧ ಬಂತು, ಸೈನ್ಯ ಸೋತಿತು. ಆಗ ಒಬ್ಬ ಮಹಿಳಾ ಪ್ರಾಂಶುಪಾಲರು ತಮ್ಮ ಎರಡು ಸಾವಿರ ವಿದ್ಯಾರ್ಥಿನಿಯರೊಂದಿಗೆ ರಣರಂಗಕ್ಕೆ ಹೋಗಿ, ಸಂಗ್ರಹಿಸಿದ ಸೂರ್ಯಶಾಖವನ್ನು ಶತ್ರುಗಳತ್ತ ತಿರುಗಿಸಿದರು. ಶತ್ರುಗಳು ಓಡಿಹೋದರು. ಒಳಗೆ ಹೋದ ಗಂಡಸರು ಒಳಗೇ ಉಳಿದರು.

ಪ್ರಿಯ ವಿದ್ಯಾರ್ಥಿಗಳೇ, ಇದನ್ನು ಕೇಳಿ ನಿಮಗೆ ನಗು ಬರುತ್ತದೆ. ಬರಬೇಕು. ಹೆಣ್ಣುಮಕ್ಕಳನ್ನು ಒಳಗೆ ಇಡಲು ಯಾವ ಯಾವ ಕಾರಣ ಹೇಳಲಾಗುತ್ತಿತ್ತೋ ಅದೇ ಕಾರಣಗಳಿಂದ ಇಲ್ಲಿ ಗಂಡಸರು ಒಳಗಿದ್ದಾರೆ. ಕಾರಣ ನ್ಯಾಯವಾದದ್ದಾದರೆ ಯಾರಿಗೆ ಅನ್ವಯಿಸಿದರೂ ನ್ಯಾಯವಾಗಿಯೇ ಇರಬೇಕು. ತಿರುಗಿಸಿದ ಕೂಡಲೇ ನಗೆಪಾಟಲಾದರೆ, ಅದು ಮೊದಲೂ ನ್ಯಾಯವಾಗಿರಲಿಲ್ಲ, ಕೇವಲ ರೂಢಿಯಾಗಿತ್ತು ಎಂದರ್ಥ. ಗಣಿತದಲ್ಲಿ ನಾವು ಉತ್ತರವನ್ನು ಹಿಂದಿನಿಂದ ಮುಂದಕ್ಕೆ ಮಾಡಿ ತಾಳೆ ನೋಡುತ್ತೇವಲ್ಲ, ಹಾಗೆಯೇ ಇದು. ವಿಡಂಬನೆ ಎಂದರೆ ತಾಳೆ ನೋಡುವ ಒಂದು ವಿಧಾನ.

ಕಥೆಯಲ್ಲಿ ಒಂದು ಸಂಭಾಷಣೆ ಬರುತ್ತದೆ. ಬೀದಿಯಲ್ಲಿ ಗಂಡಸರಿಂದ ಅಪಾಯವಿರುವುದರಿಂದ ಹೆಂಗಸರು ಒಳಗಿರುವುದೇ ಕ್ಷೇಮ ಎಂದು ಸುಲ್ತಾನ ಹೇಳುತ್ತಾಳೆ. ಅದಕ್ಕೆ ಸಾರಾ ಕೇಳುವ ಪ್ರಶ್ನೆಯ ತಾತ್ಪರ್ಯ ಇದು: ಹುಚ್ಚಾಸ್ಪತ್ರೆಯಿಂದ ಕೆಲವರು ತಪ್ಪಿಸಿಕೊಂಡು ಬಂದು ಹಾವಳಿ ಮಾಡಿದರೆ ನಿಮ್ಮ ಊರಿನವರು ಯಾರನ್ನು ಹಿಡಿದು ಒಳಗೆ ಹಾಕುತ್ತಾರೆ, ಹಾವಳಿ ಮಾಡಿದವರನ್ನೋ, ಬುದ್ಧಿ ಸರಿಯಿರುವವರನ್ನೋ? ನನ್ನ ವಿದ್ಯಾರ್ಥಿನಿ ಬಸ್‌ಸ್ಟ್ಯಾಂಡಿನ ಬಗ್ಗೆ ಬರೆದದ್ದು ಇದೇ ಪ್ರಶ್ನೆಯನ್ನು. ದಾರಿ ಕೆಟ್ಟಿದ್ದರೆ ದಾರಿಯನ್ನು ಸರಿಪಡಿಸಬೇಕೋ, ನಡೆಯುವವರನ್ನು ನಿಲ್ಲಿಸಬೇಕೋ?

ಇಲ್ಲಿ ಕೆಲವು ಹಿರಿಯರ ಮನಸ್ಸಿನಲ್ಲಿ ಒಂದು ಸಂಶಯ ಏಳಬಹುದು. ಗೇಲಿ ಮಾಡುವುದನ್ನು ನಮ್ಮ ಧರ್ಮ ನಿಷೇಧಿಸಿದೆಯಲ್ಲವೇ ಎಂದು. ನಿಜ. ಒಂದು ಜನ ಇನ್ನೊಂದು ಜನವನ್ನು ಅಪಹಾಸ್ಯ ಮಾಡಬಾರದು, ಅಡ್ಡಹೆಸರಿಟ್ಟು ಕರೆಯಬಾರದು ಎಂಬ ಆದೇಶ ಸೂರಃ ಅಲ್‌ಹುಜುರಾತ್‌ನ 11ನೆಯ ವಚನದಲ್ಲಿದೆ. ನಾನು ಆಲಿಮಳಲ್ಲ, ಶಿಕ್ಷಕಿ. ನನ್ನ ಅಲ್ಪ ತಿಳುವಳಿಕೆಯಂತೆ, ಒಬ್ಬರ ರೂಪ, ಹುಟ್ಟು, ಬಡತನ, ಊನ ಇವುಗಳನ್ನು ಹಿಡಿದು ನಗುವುದು ಅಪಹಾಸ್ಯ. ಅನ್ಯಾಯವಾದ ಒಂದು ರೂಢಿಯನ್ನು ತಿರುಗಿಸಿ ತೋರಿಸಿ, ನೋಡಿ, ಇದು ಸರಿಯೇ ಎಂದು ಕೇಳುವುದು ವಿಡಂಬನೆ. ಮೊದಲನೆಯದರಿಂದ ಎದುರಿನವರ ತಲೆ ತಗ್ಗುತ್ತದೆ. ಎರಡನೆಯದರಿಂದ ಎದುರಿನವರು ಯೋಚಿಸುತ್ತಾರೆ.

ಈ ವ್ಯತ್ಯಾಸ ತಿಳಿಯಲು ಉರ್ದು ಸಾಹಿತ್ಯದ ಒಂದು ಹೆಸರು ಸಾಕು. 1877ರಲ್ಲಿ ಮುನ್ಷಿ ಸಜ್ಜಾದ್ ಹುಸೇನ್ ಲಖನೌದಿಂದ 'ಅವಧ್ ಪಂಚ್' ಎಂಬ ಹಾಸ್ಯ ಪತ್ರಿಕೆ ಆರಂಭಿಸಿದರು. ಅದರಲ್ಲಿ ಬರೆದು ಪ್ರಸಿದ್ಧರಾದವರು ಅಕ್ಬರ್ ಇಲಾಹಾಬಾದಿ (1846-1921). ಅಕ್ಬರ್ ಬ್ರಿಟಿಷರ ನ್ಯಾಯಾಲಯದಲ್ಲೇ ನ್ಯಾಯಾಧೀಶರಾಗಿದ್ದರು. ಬ್ರಿಟಿಷರ ನಕಲು ಮಾಡುವವರನ್ನು ಕವಿತೆಯಲ್ಲಿ ಚುಚ್ಚುತ್ತಿದ್ದರು. ನೇರವಾಗಿ ಹೇಳಲಾಗದ್ದನ್ನು ನಗುವಿನೊಳಗೆ ಅಡಗಿಸಿ ಹೇಳುವ ಆ ಕಲೆಗೆ ಇಂದಿಗೂ ಉರ್ದು ಓದುಗರು ತಲೆದೂಗುತ್ತಾರೆ. ಸರ್ ಸಯ್ಯದ್ ಅಹ್ಮದ್ ಖಾನರನ್ನೂ ಅವರು ಬಿಡಲಿಲ್ಲ. ಆದರೆ ಸರ್ ಸಯ್ಯದ್ ತೀರಿಕೊಂಡಾಗ, ನಾವು ಬರೀ ಮಾತನಾಡಿದೆವು, ಅವರು ಕೆಲಸ ಮಾಡಿದರು ಎಂಬ ಅರ್ಥದ ಸಾಲುಗಳನ್ನು ಬರೆದು ಗೌರವ ಸಲ್ಲಿಸಿದರು. ಅದು ಅವರ ದೊಡ್ಡತನ.

ಆದರೆ ಅದೇ ಅಕ್ಬರ್ ಹೆಣ್ಣುಮಕ್ಕಳ ಆಧುನಿಕ ವಿದ್ಯಾಭ್ಯಾಸವನ್ನೂ ಗೇಲಿ ಮಾಡಿದರು. ಅದೇ ಕಾಲದಲ್ಲಿ ರೊಕೆಯಾ ಕನಸಿನ ಕಥೆ ಬರೆದರು. ಇಬ್ಬರ ಕೈಯಲ್ಲಿದ್ದ ಆಯುಧ ಒಂದೇ. ಅಕ್ಬರರ ಕವಿತೆ ಆಳುವವರತ್ತ ತಿರುಗಿದಾಗ ಅದಕ್ಕೆ ಧೈರ್ಯ ಬೇಕಿತ್ತು. ಓದಲು ಹೊರಟ ಹುಡುಗಿಯತ್ತ ತಿರುಗಿದಾಗ ಅದಕ್ಕೆ ಧೈರ್ಯವೇನೂ ಬೇಕಿರಲಿಲ್ಲ. ಆಕೆಗೆ ಉತ್ತರ ಕೊಡುವ ವೇದಿಕೆಯೇ ಇರಲಿಲ್ಲ. ಆದ್ದರಿಂದ ಯಾರಾದರೂ ನಗಿಸಿದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ನಗು ಬಲವಿದ್ದವರ ಮೇಲೋ, ಬಲವಿಲ್ಲದವರ ಮೇಲೋ?

ಇನ್ನು ಸತ್ಯದ ವಿಚಾರ. ಕಥೆ ಸುಳ್ಳಲ್ಲವೇ, ಅದು ಸತ್ಯವನ್ನು ಹೇಗೆ ತೋರಿಸುತ್ತದೆ ಎಂದು ಮಕ್ಕಳು ಕೇಳುತ್ತಾರೆ. ರೊಕೆಯಾ ತಮ್ಮ ಕಥೆಯ ಹೆಸರಿನಲ್ಲೇ ಇದು ಕನಸು ಎಂದು ಹೇಳಿಬಿಟ್ಟಿದ್ದಾರೆ. ಯಾರನ್ನೂ ಮೋಸಗೊಳಿಸುವ ಉದ್ದೇಶ ಅಲ್ಲಿಲ್ಲ. ಆದರೆ ಇಂದು ನಮ್ಮ ಮೊಬೈಲಿಗೆ ಬರುವ ಎಷ್ಟೋ ಸಂದೇಶಗಳು 'ಇದು ಸತ್ಯ, ಎಲ್ಲರಿಗೂ ಕಳುಹಿಸಿ' ಎನ್ನುತ್ತಲೇ ಬರುತ್ತವೆ. ಕೃತಕ ಬುದ್ಧಿಮತ್ತೆಯಿಂದ ತಯಾರಾದ ಚಿತ್ರಗಳೂ ಧ್ವನಿಗಳೂ ನಿಜವೆಂಬಂತೆ ಬರುತ್ತವೆ. ಸುಳ್ಳು ಸುದ್ದಿ ತಾನು ಸತ್ಯವೆಂದು ಹೇಳಿಕೊಂಡು ನಮ್ಮ ಯೋಚನೆಯನ್ನು ನಿಲ್ಲಿಸುತ್ತದೆ. ಒಳ್ಳೆಯ ಕಲ್ಪನೆಯ ಕಥೆ ತಾನು ಕಲ್ಪನೆಯೆಂದು ಒಪ್ಪಿಕೊಂಡು ನಮ್ಮ ಯೋಚನೆಯನ್ನು ಆರಂಭಿಸುತ್ತದೆ. ಇಂತಹ ಕಥೆ ಓದಿ ಅಭ್ಯಾಸವಾದ ವಿದ್ಯಾರ್ಥಿ ಒಂದು ಸಂದೇಶವನ್ನು ಕಣ್ಣುಮುಚ್ಚಿ ಮುಂದಕ್ಕೆ ಕಳುಹಿಸಲಾರ. ಇದೇ ಮಾತನ್ನು ನನ್ನ ಬಗ್ಗೆ, ನನ್ನವರ ಬಗ್ಗೆ ಹೇಳಿದ್ದರೆ ನಾನು ನಂಬುತ್ತಿದ್ದೆನೇ ಎಂದು ತಿರುಗಿಸಿ ನೋಡುತ್ತಾನೆ.

ಪಠ್ಯಪುಸ್ತಕವನ್ನೂ ಹೀಗೆ ತಿರುಗಿಸಿ ನೋಡಿದವರಿದ್ದಾರೆ. ಇಬ್ನೆ ಇನ್ಶಾ ಅವರ 'ಉರ್ದೂ ಕೀ ಆಖ್ರೀ ಕಿತಾಬ್' 1971ರಲ್ಲಿ ಪಾಕಿಸ್ತಾನದಲ್ಲಿ ಪ್ರಕಟವಾಯಿತು. ಮಕ್ಕಳಿಗೆ ಮೊದಲನೆಯ ಪುಸ್ತಕ ಇರುತ್ತದಲ್ಲ, ಇದು ಕೊನೆಯ ಪುಸ್ತಕವಂತೆ! ಇತಿಹಾಸ, ಭೂಗೋಳ, ಗಣಿತ, ನೀತಿಕಥೆ ಎಲ್ಲವೂ ಅದರಲ್ಲಿವೆ. ಪಾಠದ ಕೊನೆಯಲ್ಲಿ ಪ್ರಶ್ನೆಗಳೂ ಇವೆ. ಆದರೆ ಕೂಡುವ ಕಳೆಯುವ ಲೆಕ್ಕ ಓದುತ್ತಾ ಹೋದರೆ, ಸಂಪತ್ತು ಯಾರ ಬಳಿ ಕೂಡುತ್ತಿದೆ, ಯಾರ ಬಳಿ ಕಳೆಯುತ್ತಿದೆ ಎಂಬ ಲೆಕ್ಕ ಕಣ್ಣಿಗೆ ಬೀಳುತ್ತದೆ. ಶಿಕ್ಷಕಿಯಾದ ನನಗೆ ಅದು ಕಲಿಸಿದ್ದು ಇಷ್ಟು: ಅಚ್ಚಾಗಿರುವುದೆಲ್ಲ ಸತ್ಯವೆಂದು ಒಪ್ಪಿಸುವುದು ಪಾಠವಲ್ಲ, ಇದನ್ನು ಯಾರು ಬರೆದರು, ಏಕೆ ಬರೆದರು ಎಂದು ಕೇಳಲು ಕಲಿಸುವುದು ಪಾಠ.

ನಮ್ಮ ಕನ್ನಡದಲ್ಲೂ ಈ ದಾರಿ ಹಳೆಯದು. ವೈದ್ಯರಾಗಿದ್ದ ಡಾ. ಎಂ. ಶಿವರಾಂ 'ರಾಶಿ' ಎಂಬ ಹೆಸರಿನಲ್ಲಿ ಬರೆಯುತ್ತಾ 1942ರಲ್ಲಿ 'ಕೊರವಂಜಿ' ಪತ್ರಿಕೆ ತಂದರು. ನಾಡಿಗೆ ನಗಲು ಕಲಿಸಿದರು. ನಮ್ಮ ಹೆಮ್ಮೆಯ ಕವಿ ಕೆ.ಎಸ್. ನಿಸಾರ್ ಅಹಮದ್ (1936-2020) ಅವರ 'ಕುರಿಗಳು ಸಾರ್ ಕುರಿಗಳು' ಕವಿತೆ ನಿಮಗೆಲ್ಲ ಗೊತ್ತು. ಅದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಮೊದಲು ನಾಯಕರನ್ನು ನೆನೆದು ನಗುತ್ತಾರೆ. ಸ್ವಲ್ಪ ಹೊತ್ತಿಗೆ ನಗು ನಿಲ್ಲುತ್ತದೆ. ಕುರಿಗಳು ಯಾರು ಎಂದು ಹೊಳೆದಿರುತ್ತದೆ. ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಿಸಿದವರು ದೀಪಾ ಭಾಸ್ತಿ. ಅದರ ಒಂದು ಕಥೆಯಲ್ಲಿ ನೊಂದ ಹೆಣ್ಣು ಸೃಷ್ಟಿಕರ್ತನನ್ನೇ ಉದ್ದೇಶಿಸಿ ಮೊರೆಯಿಡುತ್ತಾಳೆ, ಒಮ್ಮೆ ನನ್ನ ಸ್ಥಾನದಿಂದ ನೋಡು ಎಂದು. ಆ ಮೊರೆಯ ಭಾಷೆ ನಮ್ಮಲ್ಲಿ ಕೆಲವರಿಗೆ ಕಠಿಣವೆನಿಸಬಹುದು. ಆದರೆ ಮನೆಯಲ್ಲಿ, ಬೀದಿಯಲ್ಲಿ ಯಾರೂ ಕೇಳಿಸಿಕೊಳ್ಳದಿದ್ದಾಗ ಮಾತ್ರ ಮನುಷ್ಯರ ದೂರು ಅಷ್ಟು ಎತ್ತರಕ್ಕೆ ಹೋಗುತ್ತದೆ ಎಂಬುದನ್ನು ನಾವು ಮರೆಯಬಾರದು.

ರೊಕೆಯಾ ಕನಸು ಬರೆದು ಕೈಕಟ್ಟಿ ಕುಳಿತಿದ್ದರೆ ನಾನು ಇಂದು ಅವರ ಬಗ್ಗೆ ಇಷ್ಟು ಹೇಳುತ್ತಿರಲಿಲ್ಲ. 1909ರಲ್ಲಿ ಪತಿ ತೀರಿಕೊಂಡರು. ಶಾಲೆಗಾಗಿ ಅವರು ಬಿಟ್ಟುಹೋದ 10,000 ರೂಪಾಯಿಯಿಂದ ರೊಕೆಯಾ ಅದೇ ವರ್ಷ ಭಾಗಲ್ಪುರದಲ್ಲಿ ಐದು ಹುಡುಗಿಯರೊಂದಿಗೆ ಶಾಲೆ ತೆರೆದರು. ಅಲ್ಲಿ ನಿಲ್ಲಲಾಗದೆ ಕಲ್ಕತ್ತೆಗೆ ಬಂದು, 1911ರಲ್ಲಿ ಎಂಟು ಹುಡುಗಿಯರೊಂದಿಗೆ ಮತ್ತೆ ಆರಂಭಿಸಿದರು. ಸಖಾವತ್ ಮೆಮೋರಿಯಲ್ ಶಾಲೆ ಇಂದಿಗೂ ಆ ನಗರದಲ್ಲಿದೆ. 1916ರಲ್ಲಿ ಅವರು 'ಅಂಜುಮನ್ ಎ ಖವಾತೀನ್ ಎ ಇಸ್ಲಾಂ' ಎಂಬ ಮಹಿಳಾ ಸಂಘವನ್ನೂ ಕಟ್ಟಿದರು. ಅವರು ಪರದೆಯ ಶತ್ರುವೆಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಬುರ್ಖಾದ ಕುರಿತು ಪ್ರತ್ಯೇಕ ಪ್ರಬಂಧ ಬರೆದು ಮಿತವಾದ ಪರದೆಯನ್ನು ಅವರು ಸಮರ್ಥಿಸಿದರು. ಅವರು ವಿರೋಧಿಸಿದ್ದು ಹೆಣ್ಣನ್ನು ಕೂಡಿಹಾಕುವುದನ್ನು, ಅವಳ ಓದನ್ನು ನಿಲ್ಲಿಸುವುದನ್ನು.

1931ರಲ್ಲಿ ಪುಸ್ತಕವಾಗಿ ಬಂದ 'ಅವರೋಧವಾಸಿನಿ'ಯಲ್ಲಿ ಅವರು ತಮ್ಮ ಶಾಲೆಯ ಬಸ್ಸಿನ ಕಥೆ ಹೇಳಿದ್ದಾರೆ. ಪರದೆಗಾಗಿ ಬಸ್ಸನ್ನು ಎಲ್ಲ ಕಡೆ ಮುಚ್ಚಿದ್ದರು. ಗಾಳಿ ಬೆಳಕಿಲ್ಲದೆ ಮಕ್ಕಳು ಸಂಕಟಪಟ್ಟರು, ಪೋಷಕರು ದೂರಿದರು. ಕಿಟಕಿ ತೆರೆದು ಬಟ್ಟೆಯ ಪರದೆ ಹಾಕಿಸಿದರೆ, ಪರದೆ ಗಾಳಿಗೆ ಹಾರುತ್ತದೆ ಎಂದು ಬೇರೆಯವರಿಂದ ಬೆದರಿಕೆ ಪತ್ರಗಳು ಬಂದವು. ಇಷ್ಟಾದರೂ ಅವರು ಬಸ್ಸು ನಿಲ್ಲಿಸಲಿಲ್ಲ, ನಗುವುದನ್ನೂ ನಿಲ್ಲಿಸಲಿಲ್ಲ. 1932ರ ಡಿಸೆಂಬರ್ 9ರಂದು ಅವರು ತೀರಿಕೊಂಡರು. ಆ ದಿನವನ್ನು ಬಾಂಗ್ಲಾದೇಶ 'ರೊಕೆಯಾ ದಿನ'ವಾಗಿ ಆಚರಿಸುತ್ತದೆ.

ಈಗ ನನ್ನ ವಿದ್ಯಾರ್ಥಿನಿಯ ಕಡೆಗೆ ಬರುತ್ತೇನೆ. ಎಸ್.ಎಸ್.ಎಲ್.ಸಿ.ಯಲ್ಲಿ ಅವಳು ಪ್ರಥಮ ದರ್ಜೆಯಲ್ಲಿ ಪಾಸಾದಳು. ದಾರಿ ದೂರ ಎಂದು ಮನೆಯವರು ಕಾಲೇಜಿಗೆ ಕಳುಹಿಸಲಿಲ್ಲ. ನಾನು ಅವರ ಮನೆಗೆ ಒಮ್ಮೆ ಹೋದೆ, ಮಾತನಾಡಿದೆ, ಚಹಾ ಕುಡಿದೆ, ಬಂದೆ. ಎರಡನೆಯ ಸಲ ಹೋಗಲಿಲ್ಲ. ಎರಡು ವರ್ಷದ ಹಿಂದೆ ಅವಳು ತನ್ನ ತಂಗಿಯನ್ನು ಎಂಟನೇ ತರಗತಿಗೆ ಸೇರಿಸಲು ಶಾಲೆಗೆ ಬಂದಿದ್ದಳು. ಮದುವೆಯಾಗಿತ್ತು. ಅರ್ಜಿಯನ್ನು ತಾನೇ ತುಂಬಿದಳು. ಅಕ್ಷರ ಮೊದಲಿನಷ್ಟೇ ದುಂಡಾಗಿತ್ತು. ಹೊರಡುವಾಗ ಕೇಳಿದಳು: "ಮಿಸ್, ಆ ಪ್ರಬಂಧದಲ್ಲಿ ಕಾಗುಣಿತ ಬಹಳ ತಪ್ಪಿತ್ತಾ?"

ಇಷ್ಟು ವರ್ಷ ಅವಳು ಹಾಗೆಯೇ ತಿಳಿದಿದ್ದಳು. ಮೂರು ಅಂಕ ಬಂದಿದೆಯೆಂದರೆ ತಪ್ಪು ತನ್ನದೇ ಇರಬೇಕು ಎಂದು. "ಒಂದೂ ತಪ್ಪಿರಲಿಲ್ಲ ಮಗಳೇ, ತಪ್ಪು ನನ್ನದು" ಎಂದೆ. ಅವಳು ನಕ್ಕಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂಬ ಗಾದೆ ನಮ್ಮಲ್ಲಿದೆ. ಆ ಏಳು ಅಂಕಗಳನ್ನು ಇಂದು ಕೊಟ್ಟು ಏನು ಪ್ರಯೋಜನ?

ಆದ್ದರಿಂದ ಮಾನ್ಯರೇ, ವಿಡಂಬನೆ ಅಧಿಕಾರವನ್ನು ಪ್ರಶ್ನಿಸುತ್ತದೆ ಎಂದಾಗ ನಾವು ದೊರೆಗಳನ್ನು, ಮಂತ್ರಿಗಳನ್ನು ಮಾತ್ರ ನೆನೆಯಬಾರದು. ಕೆಂಪು ಪೆನ್ನು ಹಿಡಿದ ಶಿಕ್ಷಕಿಯೂ ಅಧಿಕಾರವೇ. ಮನೆಯ ಯಜಮಾನರೂ ಅಧಿಕಾರವೇ. ಈ ವೇದಿಕೆಯೂ ಅಧಿಕಾರವೇ. ನಮ್ಮ ಬಗ್ಗೆ ಮಕ್ಕಳು ನಕ್ಕಾಗ ಅದನ್ನು ಕೇಳಿಸಿಕೊಳ್ಳುವ ಶಕ್ತಿ ನಮಗಿದೆಯೇ ಎಂಬುದೇ ನಮ್ಮ ಮೊದಲ ಪರೀಕ್ಷೆ.

ನನ್ನದು ಎರಡು ಕೋರಿಕೆ. ಒಂದು, ಪ್ರತಿ ಶಾಲೆಯಲ್ಲಿ ಒಂದು ಗೋಡೆಪತ್ರಿಕೆ ಇರಲಿ. ಅದರಲ್ಲಿ ಮಕ್ಕಳು ನಮ್ಮ ಬಗ್ಗೆ, ನಮ್ಮ ರೂಢಿಗಳ ಬಗ್ಗೆ ವಿಡಂಬನೆ ಬರೆಯಲಿ. ಯಾರ ರೂಪ, ಹುಟ್ಟು, ಬಡತನವನ್ನೂ ಗೇಲಿ ಮಾಡಬಾರದು ಎಂಬ ಒಂದೇ ನಿಯಮ ಸಾಕು. ಎರಡು, ಆ ತಂಗಿ ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಅವಳಂತಹವರು ಇನ್ನೂ ಇದ್ದಾರೆ. ಬರುವ ಜೂನ್ ತಿಂಗಳಲ್ಲಿ ಅವರಿಗೂ ಅದೇ ಆರು ಕಿಲೋಮೀಟರ್ ಎದುರಾಗುತ್ತದೆ. ಕಾಲೇಜಿಗೆ ಒಂದು ವಾಹನದ ಏರ್ಪಾಡಿನ ಮಾತು ನಮ್ಮ ಸಭೆಗಳಲ್ಲಿ ಬಂದು ಹೋಗಿದೆ. ಈ ಸಲ ಅದು ಹೋಗದಿರಲಿ. ಯಾರ ಮನೆಗೆ ಹೋಗಿ ಪೋಷಕರೊಂದಿಗೆ ಮಾತನಾಡಬೇಕೋ ಹೇಳಿ, ನಾನು ಬರುತ್ತೇನೆ. ಎರಡನೆಯ ಸಲವೂ ಬರುತ್ತೇನೆ.

ಹಿಂದಿನ ಕೋಣೆಯಲ್ಲಿ ಕುಳಿತು ಮೈಕಿನಲ್ಲಿ ಈ ಮಾತು ಕೇಳುತ್ತಿರುವ ಹೆಣ್ಣುಮಕ್ಕಳೇ, ಮುಂದಿನ ವರ್ಷದ ಸಂಚಿಕೆಗೆ ನೀವು ಬರೆಯಿರಿ. ಈ ಭಾಷಣದ ಬಗ್ಗೆಯೇ ಬರೆದರೂ ಸರಿ. ನಾನು ಓದಿ ಅಂಕ ಕೊಡುವುದಿಲ್ಲ, ಉತ್ತರ ಕೊಡುತ್ತೇನೆ.